ಸೂಜಿಮೆಣಸಿನ ಗಿಡ ಗುರುತು ಹಿಡಿಯೋದು ಹೇಗೆ, ಬೀಜ ಎಲ್ಲಿ ಹುಡುಕೋದು

ಮಳೆಗಾಲ ಕಳೆದು ದೀಪಾವಳಿ ಆದ್ಮೇಲೆ ಮಲೆನಾಡಿನ ಯಾವ ತೋಟಕ್ಕೆ ಹೋದ್ರೂ ಸರಿ, ಅಡಿಕೆ ತೋಟದ ಅಂಚಲ್ಲೋ ಕಾಫಿ ಗಿಡದ ಮಧ್ಯೆಯೋ ಬೇಲಿ ಸಾಲಲ್ಲೋ ಕೊಟ್ಟಿಗೆ ಹಿಂದಿನ ಗೊಬ್ಬರಗುಂಡಿ ಪಕ್ಕದಲ್ಲೋ ಸೊಂಟದೆತ್ತರದ ಒಂದು ಮೆಣಸಿನ ಗಿಡ ಇದ್ದೇ ಇರತ್ತೆ. ಯಾರೂ ನೆಟ್ಟಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಆಕಾಶ ನೋಡ್ಕೊಂಡು ನಿಂತ ಪುಟ್ಟ ಪುಟ್ಟ ಕಾಯಿ, ಒಂದೇ ಒಂದು ಕಾಯಿ ತಂಬುಳಿಗೆ ಜಜ್ಜಿ ಹಾಕಿದ್ರೆ ಮನೆಮಂದಿಗೆಲ್ಲ ಸಾಕು. ಇದರ ಬೀಜ ಬೇಕು ಅಂತ ಪೇಟೆಯಲ್ಲಿರೋ ನೆಂಟರು, ಫ್ರೆಂಡ್ಸು ಕೇಳ್ತಾನೇ ಇರ್ತಾರೆ, ಆದ್ರೆ ಎಷ್ಟೋ ಜನ ಬೇರೆ ಯಾವುದೋ ಗಿಡ ಬೆಳೆಸಿ ಇದೇ ಸೂಜಿಮೆಣಸು ಅಂದ್ಕೊಂಡಿದಾರೆ. ಅದಕ್ಕೇ ನಂಗೆ ಗೊತ್ತಿರೋದನ್ನ ಒಂದು ಕಡೆ ಬರೆದಿಡ್ತಿದೀನಿ.

ಮೊದಲು ಹೆಸರಿನ ಗೊಂದಲ. ಸೂಜಿಮೆಣಸು, ಜೀರಿಗೆ ಮೆಣಸು, ನುಚ್ಚುಮೆಣಸು, ದಕ್ಷಿಣ ಕನ್ನಡ ಕಡೆ ಗಾಂಧಾರಿ ಮೆಣಸು, ಊರಿಗೊಂದು ಹೆಸರು. ಹೆಸರು ಕೇಳಿ ಬೀಜ ತಗೊಂಡ್ರೆ ಮೋಸ ಹೋಗ್ತೀರ, ಯಾಕಂದ್ರೆ ಸಣ್ಣ ಕಾಯಿ ಬಿಡೋ ಯಾವ ಮೆಣಸಿಗೂ ಈ ಹೆಸರು ಅಂಟಿಸ್ತಾರೆ. "ಕಾಡುಮೆಣಸು" ಅಂತಂತೂ ಕೇಳಲೇಬೇಡಿ, ಹಿರಿಯರು ಕಾಡಲ್ಲಿ ಮರಕ್ಕೆ ಹಬ್ಬಿರೋ ಕರಿಮೆಣಸಿನ ಬಳ್ಳಿ ತೋರಿಸ್ತಾರೆ, ಅವರದ್ದು ತಪ್ಪೂ ಅಲ್ಲ, ನಮ್ಮ ಭಾಷೆಯಲ್ಲಿ ಮೆಣಸು ಅಂದ್ರೆ ಮೊದಲು ಅದೇ ತಾನೆ. ನಾವು ಹುಡುಕ್ತಿರೋ ಗಿಡದ ಸಸ್ಯಶಾಸ್ತ್ರದ ಹೆಸರು ಕ್ಯಾಪ್ಸಿಕಂ ಫ್ರುಟೆಸೆನ್ಸ್. ಇದರ ತವರು ಅಮೆರಿಕ ಖಂಡದ ಉಷ್ಣವಲಯ, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಜೊತೆ ಮೆಣಸಿನಕಾಯಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಕೊಡಗಲ್ಲಿ ಈ ಮೆಣಸಿನ ಹೆಸರಲ್ಲೇ "ಪರಂಗಿ" ಅಂತ ಇದೆ ನೋಡಿ, ಹೊರಗಿಂದ ಬಂದಿದ್ದು ಅನ್ನೋ ನೆನಪು ಆ ಹೆಸರಲ್ಲೇ ಉಳ್ಕೊಂಡಿದೆ. ಅಂದ್ರೆ ನಮ್ಮ ಕಾಡಿನ ಮೂಲ ಗಿಡ ಅಲ್ಲ ಇದು, ಬಂದ್ಮೇಲೆ ಹಕ್ಕಿಗಳ ಸಹಾಯದಿಂದ ಕಾಡುಪಾಲಾಗಿ ತಾನೇ ಬದುಕೋದು ಕಲಿತ ಗಿಡ.

ಈಗ ಗುರುತು. ಎಲ್ರೂ ಕಾಯಿ ನೋಡ್ತಾರೆ. ಕಾಯಿ ನೋಡಿ ತೀರ್ಮಾನ ಮಾಡ್ಬೇಡಿ, ಹೂವು ನೋಡಿ. ಬ್ಯಾಡಗಿ, ಗುಂಟೂರು, ದೊಣ್ಣೆಮೆಣಸು ಇವೆಲ್ಲ ಕ್ಯಾಪ್ಸಿಕಂ ಆನುಅಮ್ ಜಾತಿ, ಅವುಗಳ ಹೂವಿನ ಎಸಳು ಹಾಲಿನಂಥ ಬಿಳಿ. ಸೂಜಿಮೆಣಸಿನ ಎಸಳು ಹಾಗಿರಲ್ಲ, ಬಿಳಿಗೆ ಸ್ವಲ್ಪ ಹಸಿರು ಬೆರೆಸಿದಂಗೆ, ಹಳದಿ ಹಸಿರು ಛಾಯೆ ಇರತ್ತೆ, ಮೇಲೆ ಯಾವ ಚುಕ್ಕೆನೂ ಇರಲ್ಲ, ಮಧ್ಯದ ಕೇಸರಗಳ ತುದಿ ನೀಲಿ ಇಲ್ಲಾ ನೇರಳೆ. ಒಂದು ಬ್ಯಾಡಗಿ ಹೂವನ್ನೋ ಮನೆ ಹಿತ್ತಲ ಹಸಿಮೆಣಸಿನ ಹೂವನ್ನೋ ಕಿತ್ಕೊಂಡು ಹೋಗಿ ಪಕ್ಕದಲ್ಲಿ ಹಿಡಿದು ನೋಡಿ, ಬೆಳಗ್ಗೆ ಹೊತ್ತು ನೋಡಿದ್ರೆ ವ್ಯತ್ಯಾಸ ತಟ್ ಅಂತ ಗೊತ್ತಾಗತ್ತೆ.

ಆಮೇಲೆ ಗೆಣ್ಣು ನೋಡಿ. ಎಲೆ ಹೊರಡೋ ಜಾಗದಲ್ಲಿ ಮಾಮೂಲಿ ಮೆಣಸಿಗೆ ಸಾಧಾರಣವಾಗಿ ಒಂದೇ ಹೂವು, ಇದಕ್ಕೆ ಒಂದೇ ಗೆಣ್ಣಲ್ಲಿ ಎರಡು ಮೂರು ಬರೋದುಂಟು. ಹೂವಿನ ತೊಟ್ಟು ನೆಟ್ಟಗೆ ಮೇಲಕ್ಕೆ ನಿಂತಿರತ್ತೆ, ಕಾಯಿನೂ ಹಾಗೇ ಮೇಲ್ಮುಖ. ಕಾಯಿ ಒಂದರಿಂದ ಮೂರು ಸೆಂಟಿಮೀಟರ್ ಉದ್ದ, ಹಸಿರಿಂದ ಕಿತ್ತಳೆಗೆ ತಿರುಗಿ ಕೊನೆಗೆ ಕೆಂಪು, ಎಳೆಯದ್ರಲ್ಲಿ ದಂತದ ಬಿಳುಪಿರೋ ತಳಿನೂ ಇದೆ. ಕಾಯಿಗೂ ತೊಟ್ಟಿಗೂ ಸೇರೋ ಜಾಗದಲ್ಲಿ ಹಸಿರು ಟೋಪಿ ಇರತ್ತಲ್ಲ, ಅದರ ಬುಡದಲ್ಲಿ ದಾರ ಬಿಗಿದಂಗೆ ಒಂದು ಕಚ್ಚು ಕಂಡ್ರೆ ಅದು ಬೇರೆ ಜಾತಿ, ಕ್ಯಾಪ್ಸಿಕಂ ಚೈನೆನ್ಸ್, ಹಬನೇರೊ ಸೇರೋ ಗುಂಪು. ಸೂಜಿಮೆಣಸಲ್ಲಿ ಆ ಕಚ್ಚು ಇರಲ್ಲ.

ಇನ್ನೊಂದು ಗುರುತು ನಂಗೆ ತುಂಬಾ ಇಷ್ಟ. ಪೂರ್ತಿ ಕೆಂಪಾದ ಹಣ್ಣನ್ನ ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಎಳೀರಿ, ಟೋಪಿ ಗಿಡದಲ್ಲೇ ಉಳ್ಕೊಂಡು ಹಣ್ಣು ಮಾತ್ರ ಸಲೀಸಾಗಿ ಕೈಗೆ ಬರತ್ತೆ. ಸಾಗುವಳಿ ಮೆಣಸಲ್ಲಿ ಹಾಗಾಗಲ್ಲ, ತೊಟ್ಟು ಸಮೇತ ಮುರಿಯತ್ತೆ, ಮನುಷ್ಯ ಸಾವಿರಾರು ವರ್ಷ ಗಿಡದಲ್ಲೇ ಗಟ್ಟಿಯಾಗಿ ಕಚ್ಕೊಂಡಿರೋ ಕಾಯಿಯನ್ನೇ ಆರಿಸಿ ಆರಿಸಿ ಬೆಳೆಸಿದಾನೆ. ಇದು ಹಕ್ಕಿಗೋಸ್ಕರ ಬಿಟ್ಟ ಹಣ್ಣು, ಹಕ್ಕಿ ಕೊಕ್ಕಿಗೆ ಸುಲಭವಾಗಿ ಬಿಡಿಸ್ಕೊಳ್ಳಬೇಕು.

ಗಿಡದ ಬುಡನೂ ನೋಡಿ, ಎರಡ್ಮೂರು ವರ್ಷ ಬದುಕೋ ಗಿಡ ಆದ್ರಿಂದ ಬುಡ ಕಟ್ಟಿಗೆ ಥರ ಗಟ್ಟಿಯಾಗಿ ಬೂದು ಬಣ್ಣಕ್ಕೆ ತಿರುಗಿರತ್ತೆ. ಮೇಲ್ಮುಖ ಕಾಯಿ ಅಂದ ಮಾತ್ರಕ್ಕೆ ನಂಬಬೇಡಿ, ನರ್ಸರಿಲಿ ಚಂದಕ್ಕೆ ಅಂತ ಮಾರೋ ಕುಂಡದ ಮೆಣಸೂ ಗೊಂಚಲಾಗಿ ಮೇಲಕ್ಕೇ ಬಿಡತ್ತೆ, ಅಂಗಡಿಲಿ ಥಾಯ್ ಚಿಲ್ಲಿ ಅಂತ ಸಿಗೋದೂ ಹೆಚ್ಚಿನಂಶ ಆನುಅಮ್ ಜಾತಿನೇ.

ದಯವಿಟ್ಟು ಒಂದು ಮಾತು ಕೇಳಿ, ಗುರುತು ಖಾತ್ರಿ ಆಗದೆ ಯಾವ ಹಣ್ಣನ್ನೂ ಬಾಯಿಗೆ ಹಾಕಿ ಪರೀಕ್ಷೆ ಮಾಡ್ಬೇಡಿ. ಇದೇ ಕುಟುಂಬದಲ್ಲಿ ವಿಷದ ಗಿಡಗಳೂ ಇವೆ. ತಂಪು ಊರುಗಳಲ್ಲಿ ಅಲಂಕಾರಕ್ಕೆ ಬೆಳೆಸೋ ಜೆರುಸಲೇಂ ಚೆರ್ರಿ ಅಂತ ಒಂದಿದೆ, ಗುಂಡಗೆ ಕಿತ್ತಳೆ ಕೆಂಪು ಹಣ್ಣು, ಮಕ್ಕಳು ಮೆಣಸೋ ಟೊಮೇಟೊನೋ ಅಂದ್ಕೋತಾರೆ, ಅದು ತಿನ್ನೋದಲ್ಲ. ಅದರ ಹೂವಲ್ಲಿ ಕೇಸರಗಳು ಹಳದಿಯಾಗಿ ಒಟ್ಟಿಗೆ ಗುಂಪಾಗಿ ನಿಂತಿರ್ತವೆ, ಗಣಿಕೆ ಸೊಪ್ಪಿನ ಹೂವಲ್ಲೂ ಹಾಗೇ ಹಳದಿ ಗೊನೆ ಕಾಣತ್ತೆ. ಮೆಣಸಿನ ಹೂವಲ್ಲಿ ಕೇಸರಗಳು ಬಿಡಿಬಿಡಿ, ನೀಲಿ ನೇರಳೆ. ಚಿಕ್ಕ ಸಸಿ ಇದ್ದಾಗ ಗಣಿಕೆಗೂ ಮೆಣಸಿಗೂ ಎಲೆ ನೋಡಿ ಹೇಳೋದು ಕಷ್ಟ, ಹೂ ಬರೋ ತನಕ ಕಾಯೋದೇ ಸರಿ.

ಬೀಜ ಎಲ್ಲಿ ಸಿಗತ್ತೆ ಅಂತ ಕೇಳೋರಿಗೆ ನಾನು ಹೇಳೋದು, ಹಕ್ಕಿ ಎಲ್ಲಿ ಕೂರತ್ತೆ ನೋಡಿ. ಮೆಣಸಿನ ಖಾರ ಅಂದ್ರೆ ಕ್ಯಾಪ್ಸೈಸಿನ್, ನಮ್ಮ ನಾಲಿಗೆಯ ಬಿಸಿ ಗ್ರಹಿಸೋ ನರಕ್ಕೆ ಅದು ತಾಕಿದ್ರೆ ಉರಿ, ಹಕ್ಕಿಗಳ ನರ ಅದಕ್ಕೆ ಸ್ಪಂದಿಸೋದೇ ಇಲ್ಲ. ನರದಲ್ಲಿ ಈ ಖಾರವನ್ನ ಗುರುತಿಸೋ ಗ್ರಾಹಕ ಪ್ರೋಟೀನನ್ನ ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. 2001ರಲ್ಲಿ ಟ್ಯೂಕ್ಸ್‌ಬರಿ ಮತ್ತು ನಭಾನ್ ಅನ್ನೋ ಇಬ್ರು ವಿಜ್ಞಾನಿಗಳು ಅಮೆರಿಕದ ಅರಿಜೋನಾದಲ್ಲಿ ಕಾಡಲ್ಲಿ ಬೆಳೆಯೋ ಮೆಣಸಿನಕಾಯಿ ಮೇಲೆ ಮಾಡಿದ ಕೆಲಸ ಪ್ರಕಟಿಸಿದ್ರು, ಖಾರ ಇಲ್ಲದ ಮೆಣಸನ್ನ ಇಲಿ ಜಾತಿಯವಕ್ಕೆ ತಿನ್ನಿಸಿದ್ರೆ ಹೊರಬಂದ ಬೀಜ ಮೊಳೀಲೇ ಇಲ್ಲ, ಹಕ್ಕಿ ತಿಂದಿದ್ದು ಚೆನ್ನಾಗೇ ಮೊಳೀತು. ಖಾರ ಇಲಿ ಹೆಗ್ಗಣಗಳನ್ನ ದೂರ ಇಡತ್ತೆ, ಹಕ್ಕಿಗೆ ಮಾತ್ರ ಅಡ್ಡಿ ಮಾಡಲ್ಲ. ನಮ್ಮಲ್ಲಿ ಈ ಕೆಲಸ ಪಿಕಳಾರ ಮಾಡತ್ತೆ. ಹಾಗಾಗಿ ಪಿಕಳಾರ ಕೂರೋ ಬೇಲಿ ಗೂಟ, ತಂತಿ, ಹಲಸಿನ ಮರದ ಕೊಂಬೆ, ಇದರ ಕೆಳಗೆ ಅರೆನೆರಳಲ್ಲಿ ಹುಡುಕಿ. ನಾಲ್ಕಾರು ಎಲೆ ಬಂದ ಸಸಿ ಸಿಕ್ರೆ ಬೀಜದ ತಾಪತ್ರಯನೇ ಇಲ್ಲ, ಸಂಜೆ ಹೊತ್ತು ಮಣ್ಣಿನ ಉಂಡೆ ಸಮೇತ ಎತ್ಕೊಂಡು ಬನ್ನಿ. ಬೇರೆಯವರ ತೋಟ ಆದ್ರೆ ಕೇಳಿ ತಗೊಳ್ಳಿ, ಯಾರೂ ಬೇಡ ಅನ್ನಲ್ಲ, ಕಾಡಿನೊಳಗಿಂದ ಮಾತ್ರ ಕಿತ್ಕೊಂಡು ಬರಬೇಡಿ.

ನಮ್ಮ ತೋಟದಲ್ಲಿ ಬಹಳ ವರ್ಷದಿಂದ ತಾನಾಗೇ ಹುಟ್ಕೊಂಡು ಬರ್ತಿದ್ದ ಗಿಡಗಳು ಒಂದು ಸಲ ಕಳೆ ಹೊಡೆಯೋ ಮಷಿನ್‌ಗೆ ಸಿಕ್ಕಿ ಒಂದೇ ದಿನದಲ್ಲಿ ಹೋದ್ವು, ಅಮ್ಮ ಎರಡು ದಿನ ಅದನ್ನೇ ಹೇಳ್ಕೊಂಡು ಬೇಜಾರು ಮಾಡ್ಕೊಂಡ್ರು. ಆಗ ಒಂದು ಕಡೆಯಿಂದ ಬೀಜದ ಪ್ಯಾಕೆಟ್ ತರಿಸಿದ್ದೆ, ಬಂದಿದ್ದು ಬಿಳಿ ಹೂವಿನ ಮಾಮೂಲಿ ಮೆಣಸು. ಕೊನೆಗೆ ಪಕ್ಕದ ತೋಟದ ಅಜ್ಜಿ ಕೊಟ್ಟ ಐದು ಹಣ್ಣಿಂದ ಮತ್ತೆ ಶುರುವಾಯ್ತು. ಅದಕ್ಕೇ ಈಗ ಕಳೆ ತೆಗೆಯೋ ಮುಂಚೆ ಪ್ರತಿ ಗಿಡದ ಪಕ್ಕ ಒಂದು ಕೋಲು ಹುಗಿದು ಬಣ್ಣದ ಬಟ್ಟೆ ಕಟ್ತೀನಿ, ನೀವೂ ಕಟ್ಟಿ.

ಬೀಜಕ್ಕೆ ಹಣ್ಣು ಆರಿಸುವಾಗ ಎಲೆ ಮುಟುರಿದ ಗಿಡ ಬೇಡ, ಆರೋಗ್ಯವಾಗಿರೋ ಗಿಡದಿಂದ ಪೂರ್ತಿ ಕೆಂಪಾಗಿ ಮೆತ್ತಗಾದ ಹಣ್ಣು ಮಾತ್ರ. ಹತ್ರದಲ್ಲಿ ಬೇರೆ ಮೆಣಸಿದ್ರೆ ಜೇನು, ಇರುವೆ ಪರಾಗ ಬೆರೆಸಬಹುದು, ಹೂ ಅರಳೋ ಮೊದಲೇ ಒಂದು ಟೊಂಗೆಗೆ ಸೊಳ್ಳೆಪರದೆ ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ತೆಗೆದು ಆ ಟೊಂಗೆಗೆ ದಾರ ಕಟ್ಟಿ ಗುರುತು ಇಟ್ಕೊಳ್ಳಿ. ಹಣ್ಣು ಬಿಡಿಸುವಾಗ ಗ್ಲೌಸ್ ಇರಲಿ, ಇಲ್ಲಾಂದ್ರೆ ಕೈಗೆ ಕೊಬ್ಬರಿ ಎಣ್ಣೆ ಸವರಿ. ಈ ಗುಂಪಿನ ಮೆಣಸಿನ ಖಾರ ಸ್ಕೋವಿಲ್ ಅಳತೆಯಲ್ಲಿ 50,000ದಿಂದ 1,00,000ದವರೆಗೆ ಹೋಗತ್ತೆ, ಆ ಕೈಯಲ್ಲಿ ಕಣ್ಣು ಮುಟ್ಟಿದ್ರೆ ಪಾಡು ಬೇಡ. ಕೈ ಉರಿದ್ರೆ ಬರೀ ನೀರಿಗೆ ಹೋಗಲ್ಲ, ಎಣ್ಣೆ ಹಚ್ಚಿ ಉಜ್ಜಿ ಆಮೇಲೆ ಸೋಪು ಹಾಕಿ ತೊಳೀರಿ. ಅಂದಹಾಗೆ ಖಾರ ಇರೋದು ಬೀಜದಲ್ಲಲ್ಲ, ಬೀಜ ಅಂಟ್ಕೊಂಡಿರೋ ಬಿಳಿ ತಿರುಳಲ್ಲಿ.

ಹಣ್ಣನ್ನ ನೀರಲ್ಲಿ ಕಿವುಚಿ, ಸಿಪ್ಪೆ ಜೊಳ್ಳು ತೇಲತ್ತೆ, ಗಟ್ಟಿ ಬೀಜ ತಳಕ್ಕೆ ಕೂರತ್ತೆ. ತಿಳಿ ಹಳದಿ, ಚಪ್ಪಟೆ, ಸಣ್ಣ ಬೀಜ. ಪೇಪರ್ ಮೇಲೆ ಹರಡಿ ಗಾಳಿ ಆಡೋ ನೆರಳಲ್ಲಿ ಒಂದು ವಾರ ಒಣಗಿಸಿ, ಸುಡು ಬಿಸಿಲು ಬೇಡ, ಒಲೆ ಮೇಲಿನ ಅಟ್ಟನೂ ಬೇಡ. ಬಗ್ಗಿಸಿದ್ರೆ ಬಗ್ಗದೆ ಪಟ್ ಅಂತ ಮುರಿದ್ರೆ ಒಣಗಿದೆ ಅಂತ. ಒಣ ಬೂದಿ ಬೆರೆಸಿ ಗಾಜಿನ ಬಾಟ್ಲಿಲಿ ಇಡಿ, ಊರು ಮತ್ತು ತಿಂಗಳು ಬರೆದು ಚೀಟಿ ಅಂಟಿಸಿ, ಎರಡು ವರ್ಷದೊಳಗೆ ಬಿತ್ತಿಬಿಡಿ.

ಬಿತ್ತೋಕೆ ಬೆಚ್ಚಗಿನ ಕಾಲ ನೋಡ್ಕೊಳ್ಳಿ, ಮಣ್ಣಿಗೆ 25ರಿಂದ 30 ಡಿಗ್ರಿ ಇದ್ರೆ ಒಳ್ಳೇದು. ಅರ್ಧ ಸೆಂಟಿಮೀಟರ್ ಆಳ ಸಾಕು, ಮಣ್ಣು ಹಸಿ ಇರಲಿ, ರಾಡಿ ಆಗಬಾರದು. ಮಾಮೂಲಿ ಮೆಣಸಿನ ಥರ ವಾರಕ್ಕೆಲ್ಲ ಮೊಳೆಯಲ್ಲ, ಎರಡು ವಾರ, ನಾಲ್ಕು ವಾರ, ಕೆಲವು ಇನ್ನೂ ತಡ, ಅಷ್ಟರಲ್ಲಿ ಬೇಜಾರಾಗಿ ಕುಂಡದ ಮಣ್ಣು ಚೆಲ್ಲೋರೇ ಜಾಸ್ತಿ, ಚೆಲ್ಲಬೇಡಿ. ಪೇಟೆ ಬಾಲ್ಕನಿಯಲ್ಲಿ ಬೆಳಗಿನ ಬಿಸಿಲು ಬೀಳೋ ಕಡೆ ಹತ್ತು ಇಂಚಿನ ಕುಂಡದಲ್ಲಿ ಆರಾಮಾಗಿ ಬರತ್ತೆ. ಮೊದಲ ಹೂ ಬಿಟ್ಟಾಗ ಮತ್ತೆ ಎಸಳಿನ ಬಣ್ಣ ನೋಡಿ. ಹಸಿರು ಛಾಯೆ ಇದ್ರೆ ಆ ಗಿಡದ ಬೀಜ ಇಟ್ಕೊಳ್ಳಿ, ಹಾಲುಬಿಳಿ ಇದ್ರೆ ಅದರ ಕಾಯಿ ಅಡುಗೆಗೆ ಬಳಸಿ, ಬೀಜ ಮಾತ್ರ ಯಾರಿಗೂ ಕೊಡಬೇಡಿ.