ಬಿಸಿಯೇರಿದರೆ ಇಳಿಯುತ್ತಿದ್ದ ಶ್ರುತಿ

ಮನೆಯಲ್ಲೇ ಜೋಡಿಸಿದ ಅನಲಾಗ್ ಸಿಂಥಸೈಜರ್‌ನ ಆಸಿಲೇಟರ್, ಅಂದರೆ ಸ್ವರ ಹುಟ್ಟಿಸುವ ವಿದ್ಯುತ್ ಮಂಡಲ, ಬೆಳಿಗ್ಗೆ ಶ್ರುತಿಯಲ್ಲಿರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಅಪಸ್ವರ. ಹೇರ್ ಡ್ರೈಯರ್‌ನಿಂದ ಬಿಸಿಗಾಳಿ ಊದಿ ನೋಡಿದೆ. ಮಂದ್ರದ ಸ್ವರ ಕದಲಲಿಲ್ಲ. ಮೇಲೇರಿದಷ್ಟೂ ಸ್ವರ ಇಳಿಯಿತು. ಕಳ್ಳ ಸಿಕ್ಕಿಬಿದ್ದದ್ದು ಇಲ್ಲೇ.

ಸಿಂಥಸೈಜರ್ ತಯಾರಕ ರಾಬರ್ಟ್ ಮೂಗ್ 1960ರ ದಶಕದಲ್ಲಿ ರೂಢಿಗೆ ತಂದ ಲೆಕ್ಕ: ಆಸಿಲೇಟರ್‌ಗೆ ಕೊಡುವ ವೋಲ್ಟೇಜ್ ಒಂದು ವೋಲ್ಟ್ ಏರಿದರೆ ಒಂದು ಆಕ್ಟೇವ್, ಅಂದರೆ ಆವರ್ತನ ಇಮ್ಮಡಿ. ಈ ಇಮ್ಮಡಿಯ ಕೆಲಸ ಟ್ರಾನ್ಸಿಸ್ಟರ್‌ನದು. ಅದರ ಬೇಸ್ ಎಂಬ ತುದಿಯಲ್ಲಿ ಸುಮಾರು 18 ಮಿಲಿವೋಲ್ಟ್ ಹೆಚ್ಚಿದರೆ ವಿದ್ಯುತ್ ಪ್ರವಾಹ ಇಮ್ಮಡಿಯಾಗುತ್ತದೆ, ಅದರೊಂದಿಗೆ ಆವರ್ತನವೂ. ಆದರೆ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಆ 18ಕ್ಕೆ ಶೇ. 0.33ರಷ್ಟು ಸೇರಿಕೊಳ್ಳುತ್ತದೆ; ಅದೇ ವೋಲ್ಟೇಜ್‌ಗೆ ಸ್ವರ ಕಡಿಮೆ ಏರುತ್ತದೆ. ಐದು ಡಿಗ್ರಿಗೆ, ಮೂರು ಆಕ್ಟೇವ್ ಮೇಲೆ, ಅರ್ಧ ಸ್ವರಸ್ಥಾನಕ್ಕೂ ಮೀರಿದ ತಪ್ಪು! ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ಚಿತ್ರಹಿಂಸೆ.

ಬಿಸಿಗೆ ಎಲ್ಲ ಸ್ವರಗಳೂ ಒಟ್ಟಿಗೆ ಕದಲದಿರಲೆಂದು ಟ್ರಾನ್ಸಿಸ್ಟರ್‌ಗಳನ್ನು ಜೋಡಿಯಾಗಿ ಹಾಕಿರುತ್ತಾರೆ. ಮಂದ್ರ ಸ್ಥಿರವಾಗಿದ್ದರಿಂದ ಟ್ರಾನ್ಸಿಸ್ಟರ್ ಜೋಡಿ ಚೆನ್ನಾಗಿಯೇ ಇದೆ ಎಂದಾಯಿತು. ಉಳಿದದ್ದು, ಬೇಸ್‌ನಿಂದ ಗ್ರೌಂಡ್‌ಗೆ ಹೋಗುವ ಒಂದು ಕಿಲೋಓಮ್ ರೆಸಿಸ್ಟರ್. ಬೇಸ್‌ಗೆ ಎಷ್ಟು ವೋಲ್ಟೇಜ್ ಸಿಗಬೇಕೆಂದು ಹೇಳುವುದು ಇದೇ. ಅದನ್ನು ಬಿಚ್ಚಿ, ಉಷ್ಣಾಂಶದೊಂದಿಗೆ ತಾನೂ ಅದೇ ಪ್ರಮಾಣದಲ್ಲಿ ಏರುವ 3300 ಪಿಪಿಎಂ (ಡಿಗ್ರಿಗೆ ಹತ್ತು ಲಕ್ಷದಲ್ಲಿ 3300 ಪಾಲು, ಅಂದರೆ ಶೇ. 0.33) ರೆಸಿಸ್ಟರ್ ಬೆಸುಗೆ ಹಾಕಿದೆ. ಟ್ರಾನ್ಸಿಸ್ಟರ್ ಜೋಡಿಯ ಬೆನ್ನಿಗೆ ಥರ್ಮಲ್ ಪೇಸ್ಟ್ ಬಳಿದು, ಇದನ್ನು ಅಲ್ಲಿಗೇ ಒತ್ತಿ, ಎರಡಕ್ಕೂ ಸೇರಿಸಿ ಹೀಟ್‌ಶ್ರಿಂಕ್ ಕೊಳವೆ ತೊಡಿಸಿದೆ. ದೂರದಲ್ಲಿ ಕೂರಿಸಿದರೆ ದುಬಾರಿ ರೆಸಿಸ್ಟರ್ ದಂಡ. ಎರಡರ ಬಿಸಿಯೂ ಒಂದೇ ಇರಬೇಕು.

ಅರ್ಧ ಗಂಟೆ ಕಾಯಿಸಿ, ಟ್ರಿಮ್ಮರ್ ಎಂಬ ಸಣ್ಣ ಹೊಂದಾಣಿಕೆ ತಿರುಪನ್ನು ತಿರುಗಿಸಿ ಆಕ್ಟೇವ್‌ಗಳನ್ನು ಹೊಂದಿಸಿದೆ. ಈಗ ಮಧ್ಯಾಹ್ನವೂ ತಾರ ಷಡ್ಜ ತನ್ನ ಜಾಗದಲ್ಲೇ ಇದೆ.