ಓಕ್ ಟ್ರೀ ರಸ್ತೆಗೆ ಹೊಸದಾಗಿ ಬಂದವರಿಗೆ: ದಿನಸಿ ಅಂಗಡಿಯೊಳಗಿನ ಊಟ

ಹೋದ ಶನಿವಾರ ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನ ಓಕ್ ಟ್ರೀ ರಸ್ತೆಗೆ ತೊಗರಿಬೇಳೆ ತರಲು ಹೋಗಿದ್ದೆ. ಅಂಗಡಿಯ ಮೂಲೆಯಲ್ಲಿ ಒಂದು ಕೆಫೆ ಇದೆ. ಅದರ ಬೋರ್ಡ್ ಮುಂದೆ ಒಂದು ಎಳೆ ಜೋಡಿ ನಿಂತಿತ್ತು. ಹುಡುಗ ಫೋನಿನಲ್ಲಿ ಏನೋ ಲೆಕ್ಕ ಹಾಕಿದ. "ಒಂದು ದೋಸೆಗೆ ಇಷ್ಟಾ? ಬಾ, ಮನೇಲಿ ಮ್ಯಾಗಿ ಮಾಡ್ಕೊಳ್ಳೋಣ" ಅಂದ. ಹುಡುಗಿ ಹೂಂ ಅಂದಳು. ಆದರೆ ಅವಳ ಕಣ್ಣು ಕಾವಲಿ ಮೇಲೇ ಇತ್ತು. ನಾನು ಸಾಮಾನಿನ ತಳ್ಳುಗಾಡಿ ತಿರುಗಿಸಿಕೊಂಡು ಹತ್ತಿರ ಹೋಗುವಷ್ಟರಲ್ಲಿ ಇಬ್ಬರೂ ಹೊರಟುಹೋಗಿದ್ದರು. ಅವರಿಗೆ ಹೇಳಬೇಕಾದ್ದು ಬಾಯಲ್ಲೇ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಸೋಶಿಯಲ್ ಸೆಕ್ಯೂರಿಟಿ ನಂಬರು, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸು, ಇವೆಲ್ಲ ಆಫೀಸಿನವರೇ ಹೇಳಿಕೊಡುತ್ತಾರೆ. ಮೊದಲ ತಿಂಗಳಲ್ಲೇ ಮುಗಿಸಿಕೊಳ್ಳಿ. ಎಲ್ಲಿ ಕೂತು ಏನು ತಿನ್ನಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ನ್ಯೂಜೆರ್ಸಿಯ ಈ ರಸ್ತೆ ಎಡಿಸನ್ನಿಂದ ಐಸೆಲಿನ್‌ವರೆಗೂ ನಮ್ಮ ಕಡೆಯ ಅಂಗಡಿಗಳೇ. 1974ರಲ್ಲಿ ಶಿಕಾಗೋದ ಡೆವನ್ ಅವೆನ್ಯೂದಲ್ಲಿ ಶುರುವಾದ ಪಟೇಲ್ ಬ್ರದರ್ಸ್ ಇಲ್ಲೂ ಇದೆ, ಸಬ್ಜಿ ಮಂಡಿ ಇದೆ, ಬೇರೆಯವೂ ಇವೆ. ಇಂಥ ಕೆಲವು ದಿನಸಿ ಅಂಗಡಿಗಳ ಒಳಗೇ ತಿಂಡಿ ಕೌಂಟರ್ ಇರುತ್ತದೆ. ಒಂದು ಕಡೆ ಸೋನಾ ಮಸೂರಿ ಮೂಟೆಗಳು. ಇನ್ನೊಂದು ಕಡೆ ಊದುಬತ್ತಿ, ಕುಕ್ಕರ್ ಗ್ಯಾಸ್ಕೆಟ್. ನಡುವೆ ಏಳೆಂಟು ಮೇಜು. ದುಡ್ಡು ಕೊಟ್ಟರೆ ಚೀಟಿ ಕೊಡುತ್ತಾರೆ, ನಂಬರ್ ಕೂಗಿದಾಗ ಹೋಗಿ ತಟ್ಟೆ ತರಬೇಕು. 1980ರ ದಶಕದಲ್ಲಿ ಬೆಂಗಳೂರಲ್ಲಿ ಶುರುವಾದ ದರ್ಶಿನಿಗಳನ್ನು ನೆನಪಿಸಿಕೊಳ್ಳಿ. ಅದೇ ರೀತಿ, ಇಲ್ಲಿ ಕೂರೋಕೆ ಕುರ್ಚಿ ಇದೆ ಅಷ್ಟೇ. ಮೇಜಿಗೆ ತಂದುಕೊಡುವ ಹೋಟೆಲಿಗಿಂತ ಖರ್ಚು ತುಂಬಾ ಕಡಿಮೆ.

ಆದರೂ ನಾನು ಮೊದಲ ನಾಲ್ಕು ತಿಂಗಳು ಆ ಮೇಜಿನ ಹತ್ತಿರ ಸುಳಿಯಲಿಲ್ಲ. ಬಂದದ್ದು 2006ರ ಜನವರಿ. ಆಗ ಡಾಲರಿಗೆ ಸುಮಾರು 45 ರೂಪಾಯಿ. ಬೋರ್ಡ್ ನೋಡಿದ ಕೂಡಲೇ ಮನಸ್ಸು ಗುಣಿಸುತ್ತಿತ್ತು. ದಾವಣಗೆರೆಯಲ್ಲಿ ಮನೆಮಂದಿಯೆಲ್ಲ ಬೆಣ್ಣೆ ದೋಸೆ ತಿಂದು ಬರುವ ದುಡ್ಡು ಇಲ್ಲಿ ಒಂದು ದೋಸೆಗೆ. ನಾನು ಎಚ್-4 ವೀಸಾದ ಮೇಲೆ, ಅಂದರೆ ಇಲ್ಲಿ ಕೆಲಸಕ್ಕೆ ಬಂದವರ ಹೆಂಡತಿಯಾಗಿ ಬಂದವಳು, ದುಡಿಯುವ ಹಾಗಿರಲಿಲ್ಲ. ನಮ್ಮಂಥವರಲ್ಲಿ ಕೆಲವರಿಗೆ ಕೆಲಸದ ಅನುಮತಿ ಸಿಕ್ಕಿದ್ದೇ 2015ರಲ್ಲಿ. ಯಜಮಾನರ ಸಂಬಳದಲ್ಲಿ ಹೊರಗೆ ತಿನ್ನೋಕೆ ನನಗೇನು ಹಕ್ಕು ಅಂತ ಅನ್ನಿಸುತ್ತಿತ್ತು. ಅವರು ಒಂದು ದಿನವೂ ಹಾಗೆ ಅನ್ನಲಿಲ್ಲ. ನಾನೇ ಅಂದುಕೊಂಡೆ. ಹಿಮ ಬಿದ್ದ ಮಧ್ಯಾಹ್ನಗಳಲ್ಲಿ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಒಬ್ಬಳೇ ಗೋಡೆ ನೋಡುತ್ತಾ ತಿಂದೆ. ನಾಲ್ಕು ತಿಂಗಳು ಯಾರ ಜೊತೆಗೂ ಕೂತು ಊಟ ಮಾಡದೆ ಉಳಿಸಿದ ದುಡ್ಡು ಯಾವ ಲೆಕ್ಕಕ್ಕೂ ಬರಲಿಲ್ಲ. ಕಳಕೊಂಡಿದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಗುಣಿಸಬೇಡಿ. ಈಗ ಡಾಲರ್ ಇನ್ನೂ ಜಾಸ್ತಿ, ಗುಣಿಸುತ್ತಾ ಕೂತರೆ ಇಲ್ಲಿ ನೀರೂ ಗಂಟಲಲ್ಲಿ ಇಳಿಯುವುದಿಲ್ಲ.

ಕೊನೆಗೆ ಏಪ್ರಿಲ್‌ನಲ್ಲಿ ಯಜಮಾನರು ಒತ್ತಾಯ ಮಾಡಿ ಕೂರಿಸಿದರು. ಮಸಾಲೆ ದೋಸೆ ಬಂತು. ಸಾಂಬಾರ್ ತೆಳ್ಳಗಿತ್ತು, ಬೆಲ್ಲ ಜಾಸ್ತಿ. ನಾನು ಕನ್ನಡದಲ್ಲಿ ಜೋರಾಗಿಯೇ ಹೇಳಿದೆ: "ಇದೇನು ಸಾಂಬಾರಾ? ಬೇಳೆ ತೊಳೆದ ನೀರಿಗೆ ಸಕ್ಕರೆ ಹಾಕಿದ್ದಾರೆ." ಇಲ್ಲಿ ಯಾರಿಗೆ ಗೊತ್ತಾಗುತ್ತೆ ಅಂದುಕೊಂಡಿದ್ದೆ. ಮೇಜು ಒರೆಸುತ್ತಿದ್ದ ಹೆಂಗಸು ಬಟ್ಟೆ ಕೆಳಗಿಟ್ಟು ನಮ್ಮ ಕಡೆ ತಿರುಗಿದರು. "ಸಾಂಬಾರ್ ಸೇರ್ಲಿಲ್ಲೇನ್ರೀ?"

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಗುಜರಾತಿ ಮನೆಯವರು. ತಂದೆಯ ಬಟ್ಟೆ ಅಂಗಡಿ ಹುಬ್ಬಳ್ಳಿಯಲ್ಲಿ. "ನಾ ಹುಬ್ಬಳ್ಳ್ಯಾಗ ಹುಟ್ಟಿ ಬೆಳದಾಕಿ ರೀ. ಎಂಟು ತಿಂಗಳಾತು ನೋಡ್ರಿ, ಯಾರ ಜೋಡೀನೂ ಕನ್ನಡ ಮಾತಾಡಿಲ್ಲ." ಸಾಂಬಾರಿನ ಮಾತು ಅವರ ಮನಸ್ಸಿಗೆ ತಾಕಿದ ಹಾಗೇ ಕಾಣಲಿಲ್ಲ. ಒಳಗೆ ಹೋಗಿ ತಮ್ಮ ಬುತ್ತಿ ಡಬ್ಬಿ ತಂದರು. ಅದರ ಮುಚ್ಚಳದಲ್ಲಿ ಶೇಂಗಾ ಚಟ್ನಿಪುಡಿ ಇತ್ತು. ಅರ್ಧ ನನ್ನ ತಟ್ಟೆಗೆ ಸುರಿದರು. ಕೈಯಲ್ಲಿ ಎಣ್ಣೆ ಸುಟ್ಟ ಗಾಯ, ಬೆರಳ ಸಂದಿಯಲ್ಲಿ ಒಣಗಿದ ದೋಸೆ ಹಿಟ್ಟು. ಅಷ್ಟು ಹತ್ತಿರದಿಂದ ನೋಡಿದ ಮೇಲೆ ಆ ಕೈ ಮಾಡಿದ್ದನ್ನು ಹಳಿಯೋಕೆ ನನ್ನ ಬಾಯಿ ಮತ್ತೆ ಏಳಲಿಲ್ಲ. ಅಮೆರಿಕದಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಅವರು. ಕೆಲವು ವರ್ಷ ಆದ ಮೇಲೆ ಮಗನ ಜೊತೆ ಟೆಕ್ಸಸ್‌ಗೆ ಹೋದರು.

ಅವರು ಕಲಿಸಿದ ಒಂದು ವಿಷಯ ತುಂಬಾ ಉಪಯೋಗಕ್ಕೆ ಬಂತು. ಮಾಡುವವರ ಕೈಗೆ ಯಾವುದು ಒಗ್ಗಿದೆಯೋ ಅದನ್ನು ಕೇಳಿ. ಗುಜರಾತಿಯವರು ನಡೆಸುವ ಕಡೆ ಖಮಣ್, ಥೇಪ್ಲಾ, ಚಳಿಗಾಲದಲ್ಲಿ ಉಂಧಿಯು. ಪಂಜಾಬಿನವರ ಕಡೆ ಛೋಲೆ ಭಟೂರೆ. ಮೊದಲ ದಿನವೇ ಇಡ್ಲಿ ತಿಂದು ಊರಿನದ್ದಕ್ಕೆ ಹೋಲಿಸಿ ಬೇಜಾರು ಮಾಡಿಕೊಳ್ಳಬೇಡಿ. ದೋಸೆ ಬೇಕೇ ಬೇಕು ಅಂದರೆ ಶನಿವಾರ, ಭಾನುವಾರ ಬೆಳಿಗ್ಗೆ ಹೋಗಿ. ಹೆಚ್ಚು ಜನ ಬರುವ ಹೊತ್ತಲ್ಲಿ ಹಿಟ್ಟೂ ಹೊಸದು, ಕಾವಲಿಯೂ ಕಾದಿರುತ್ತದೆ. ಒಂದು ಥಾಲಿ ಇಬ್ಬರಿಗೆ ಸಾಕು. ನಾವು ಗೊತ್ತಿಲ್ಲದೆ ಎರಡು ತಗೊಂಡು ಅನ್ನ ಬಿಸಾಡಿದ್ದೇವೆ. ಅನ್ನ ಚೆಲ್ಲಬಾರದು ಅಂತ ಹೇಳಿಸಿಕೊಂಡು ಬೆಳೆದವಳಿಗೆ ಅದು ಎಷ್ಟು ದಿನ ಚುಚ್ಚಿತು ಗೊತ್ತಾ? ಕಾರಿನಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಳ್ಳಿ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ನ್ಯೂಜೆರ್ಸಿಯಲ್ಲಿ ಅಕ್ಕಿ ಬೇಳೆಗೆ ಟ್ಯಾಕ್ಸ್ ಇಲ್ಲ, ಬಿಸಿಬಿಸಿ ಮಾಡಿಕೊಡುವ ತಿಂಡಿಗೆ 6.625 ಶೇಕಡಾ ಇದೆ. ಬಿಲ್ಲು ಬೋರ್ಡಿಗಿಂತ ಜಾಸ್ತಿ ಬಂದರೆ ಮೋಸ ಅಂದುಕೊಳ್ಳಬೇಡಿ. ಕೌಂಟರಿನಲ್ಲಿ ಟಿಪ್ಸ್ ಕಡ್ಡಾಯ ಅಲ್ಲ. ನಾನು ಒಂದು ಡಾಲರ್ ಇಟ್ಟೇ ಬರುತ್ತೇನೆ, ಯಾಕೆ ಅಂತ ಮೇಲೆ ಹೇಳಿದ್ದೇನೆ. ಕೈಚೀಲ ತಗೊಂಡು ಹೋಗಿ. 2022ರ ಮೇ ತಿಂಗಳಿಂದ ಇಲ್ಲಿಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲ ಕೊಡುವ ಹಾಗಿಲ್ಲ, ದೊಡ್ಡ ದಿನಸಿ ಅಂಗಡಿಗಳಲ್ಲಿ ಕಾಗದದ್ದೂ ಇಲ್ಲ. ಸಂತೆಗೆ ಚೀಲ ಹಿಡಿದು ಹೋಗಿ ಬೆಳೆದವರಿಗೆ ಇದೇನು ಹೊಸದಲ್ಲ, ಅಲ್ವಾ? ಸಸ್ಯಾಹಾರಿಗಳು ಮೊಟ್ಟೆ ಇದೆಯಾ ಅಂತ ಬಾಯಿಬಿಟ್ಟು ಕೇಳಬೇಕು. ಇಲ್ಲಿ ವೆಜಿಟೇರಿಯನ್ ಅನ್ನುವ ಮಾತಿನೊಳಗೆ ಮೊಟ್ಟೆಯೂ ಸೇರುತ್ತದೆ.

ಇನ್ನೊಂದು ತಪ್ಪು ಇದೆ. ಬರೆಯುವಾಗಲೂ ಕೈ ಭಾರ ಆಗುತ್ತದೆ. 2007ರಲ್ಲಿ ನನ್ನ ಬಾಣಂತನಕ್ಕೆ ಅತ್ತೆ ಬಂದರು. ಈರುಳ್ಳಿ, ಬೆಳ್ಳುಳ್ಳಿ ಮುಟ್ಟುತ್ತಿರಲಿಲ್ಲ. ಇವರಿಗೆ ಹೊರಗೆ ಏನೂ ಆಗುವುದಿಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟೆವು. ಐದು ತಿಂಗಳು ಅವರು ಮೂರು ಹೊತ್ತೂ ಒಲೆ ಮುಂದೆ ನಿಂತರು. ಅಂಗಡಿಗೆ ಕರೆದುಕೊಂಡು ಹೋದರೆ ನಾವು ತಿನ್ನುವಾಗ ಪಕ್ಕದಲ್ಲಿ ಕೈಕಟ್ಟಿ ಕೂತಿರುತ್ತಿದ್ದರು. "ನೀವು ತಿನ್ನಿ, ನಂಗೆ ಹಸಿವಿಲ್ಲ" ಅನ್ನುತ್ತಿದ್ದರು. ಬೋರ್ಡಿನ ಮೇಲೆ 'ಜೈನ್' ಅಂತ ಬರೆದಿದ್ದು ಎದುರಿಗೇ ಇತ್ತು. ಜೈನ್ ಅಂದರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ, ಆಲೂಗಡ್ಡೆಯೂ ಹಾಕುವುದಿಲ್ಲ. ಪಾವ್ ಭಾಜಿಗೆ ಆಲೂ ಬದಲು ಬಾಳೆಕಾಯಿ ಬೇಯಿಸಿ ಹಾಕುತ್ತಾರೆ. ಬಾಳೆಕಾಯಿ ಅಂದರೆ ಅತ್ತೆಗೆ ಪ್ರಾಣ. ಇದು ನನಗೆ ತಿಳಿದಿದ್ದು ಅವರು ವಾಪಸ್ ಹೋಗಿ ಎರಡು ವರ್ಷ ಆದ ಮೇಲೆ. ಅವರು ಮತ್ತೆ ಬರಲಿಲ್ಲ, 2011ರಲ್ಲಿ ತೀರಿಕೊಂಡರು. ನಿಮ್ಮ ಮನೆಗೆ ಹಿರಿಯರು ಬಂದರೆ ಮೊದಲ ವಾರವೇ ಕರೆದುಕೊಂಡು ಹೋಗಿ, ಜೈನ್ ಅಂತ ಕೇಳಿ, ಅವರ ಮುಂದೆ ಒಂದು ಬಿಸಿ ತಟ್ಟೆ ಇಡಿ. ಶನಿವಾರ ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದರೆ ಅಲ್ಲಿಯ ಕ್ಯಾಂಟೀನಿಗೂ ಕರೆದುಕೊಂಡು ಹೋಗಿ.

ಮಕ್ಕಳ ಮಾತಿಗೆ ಬರುತ್ತೇನೆ. ನನ್ನ ಮಗಳು ಆ ಕೆಫೆಯಲ್ಲೇ ಬೆಳೆದಳು ಅಂದರೆ ತಪ್ಪಿಲ್ಲ. ಕನ್ನಡ ತರಗತಿ ಮುಗಿಸಿ ಸೀದಾ ಅಲ್ಲಿಗೆ. ಅಕ್ಕಿ ಮೂಟೆ ಪಕ್ಕದ ಮೇಜಿನ ಮೇಲೆ ಒತ್ತಕ್ಷರ ತಿದ್ದಿದ್ದಾಳೆ. ನಂಬರ್ ಕೂಗಿದರೆ ಓಡಿಹೋಗಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಬರುತ್ತಿದ್ದಳು, ಸಾಂಬಾರ್ ಚೆಲ್ಲಬಾರದು ಅಂತ ನಾಲಿಗೆ ಕಚ್ಚಿಕೊಂಡು.

2016ರಲ್ಲಿ ದಾವಣಗೆರೆಗೆ ಹೋದೆವು. ಎಷ್ಟು ವರ್ಷದಿಂದ ಕಾದಿದ್ದೆ ನಾನು. ನನ್ನ ಮಗಳಿಗೆ ನನ್ನೂರಿನ ಬೆಣ್ಣೆ ದೋಸೆ ತಿನ್ನಿಸಬೇಕು ಅಂತ. ದೋಸೆ ಬಂತು. ಮೇಲೆ ಬೆಣ್ಣೆ ಕರಗುತ್ತಿತ್ತು, ಪಕ್ಕದಲ್ಲಿ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಅವಳು ಸುತ್ತ ನೋಡಿ ಕೇಳಿದಳು: "ಅಮ್ಮ, ಸ್ವೀಟ್ ಸಾಂಬಾರ್ ಇಲ್ವಾ?" ಬೆಣ್ಣೆ ದೋಸೆಗೆ ನಮ್ಮೂರಲ್ಲಿ ಸಾಂಬಾರ್ ಕೊಡುವುದಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೋಟೆಲಿನಲ್ಲಿ ಎಲ್ಲರ ಮುಂದೆ ಬೈದೆ. ಒಂಬತ್ತು ವರ್ಷದ ಮಗು ತಲೆ ತಗ್ಗಿಸಿಕೊಂಡು ಒಂದು ದೋಸೆಯನ್ನು ಅರ್ಧ ಗಂಟೆ ತಿಂದಳು.

ಅವಳ ತಪ್ಪೇನಿತ್ತು? ಅಮ್ಮ ಅಪ್ಪನ ಜೊತೆ ಕೂತು ತಿಂದ ಮೊದಲ ದೋಸೆ ಯಾವುದೋ, ಅವಳಿಗೆ ದೋಸೆ ಅಂದರೆ ಅದೇ. ನನಗೆ ನನ್ನಪ್ಪನ ಸೈಕಲ್ ಬಾರ್ ಮೇಲೆ ಕೂತು ಹೋಗಿ ತಿಂದಿದ್ದು ಹೇಗೋ ಹಾಗೆ. ನನ್ನ ಊರು ಅವಳ ನಾಲಿಗೆಗೆ ಇಳಿಯಲಿಲ್ಲ ಅನ್ನುವ ನೋವು ನನಗೆ ಇದೆ, ಇಲ್ಲ ಅನ್ನುವುದಿಲ್ಲ. ಅಕ್ಕಿ ರೊಟ್ಟಿ, ಮಂಡಕ್ಕಿ ಒಗ್ಗರಣೆ ಎಷ್ಟು ಮಾಡಿಕೊಟ್ಟರೂ ಅವಳಿಗೆ ಅವು ಅಮ್ಮನ ತಿಂಡಿ, ಅವಳದ್ದಲ್ಲ. ಆದರೆ ಅವಳಿಗೂ ಒಂದು ಊರಿನ ರುಚಿ ಇದೆ. ಅದು ಈ ರಸ್ತೆಯಲ್ಲಿದೆ. ನಿಮ್ಮ ಮಕ್ಕಳಿಗೂ ಹೀಗೇ ಆಗುತ್ತದೆ. ಆಗ ನಾನು ಬೈದ ಹಾಗೆ ಬೈಯಬೇಡಿ.

ಕಳೆದ ವರ್ಷ ಅವಳು ಬಾಸ್ಟನ್‌ಗೆ ಓದಲು ಹೋದಳು. ಮೊನ್ನೆ ಜ್ವರ ಬಂದು ಮಲಗಿದ್ದಳು. ಫೋನ್ ಮಾಡಿ, "ಅಮ್ಮ, ಬರುವಾಗ ಅಂಗಡಿ ಸಾಂಬಾರ್ ತರ್ತೀಯಾ? ಮನೇದಲ್ಲ, ಅಂಗಡೀದು" ಅಂದಳು. ನಾನು ಬೇಳೆ ತೊಳೆದ ನೀರು ಅಂದಿದ್ದೆನಲ್ಲ, ಅದೇ ಸಾಂಬಾರ್. ನಾಲ್ಕು ಗಂಟೆಗೂ ಜಾಸ್ತಿ ದಾರಿ, ಚೆಲ್ಲಬಾರದು. ಬಿಗಿ ಮುಚ್ಚಳದ ಎರಡು ಸ್ಟೀಲ್ ಡಬ್ಬಿ ತೊಳೆದು ಬೋರಲು ಹಾಕಿದ್ದೇನೆ. ನಾಳೆ ಬೆಳಿಗ್ಗೆ ಕೆಫೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಲ್ಲಬೇಕು.