ಚಹಾದ ಪಾತ್ರೆಯಿಂದ ಸಕ್ಕರೆಯನ್ನು ಹೊರಗಿಟ್ಟ ಬಗೆ

ಧಾರವಾಡದ ಮನೆಯೊಂದರಲ್ಲಿ ಸಕ್ಕರೆ ಕಡಿಮೆ ಮಾಡಲು ಹೊರಟವರು ಮೊದಲು ಕೈಹಾಕಬೇಕಾದದ್ದು ಚಹಾಕ್ಕೆ. ಸಕ್ಕರೆಯ ಮಾತು ಬಂದ ಕೂಡಲೇ ಎಲ್ಲರ ಕಣ್ಣು ಪೇಡೆ, ಹೋಳಿಗೆ, ಪಂಚಮಿಯ ಉಂಡಿಗಳ ಮೇಲೆ ಹೋಗುತ್ತದೆ. ಆದರೆ ಅವೆಲ್ಲ ವರ್ಷದಲ್ಲಿ ಕೆಲವೇ ದಿನ ಬಂದು ಹೋಗುವ ತಿನಿಸುಗಳು. ನಸುಕಿನಿಂದ ಸಂಜೆಯವರೆಗೆ ಕಪ್ಪು-ಬಸಿಯಲ್ಲಿ ಹೊಟ್ಟೆಗೆ ಇಳಿಯುವ ಸಕ್ಕರೆಗೆ ಮಾತ್ರ ಯಾರ ಮನೆಯಲ್ಲಿಯೂ ಲೆಕ್ಕವಿರುವುದಿಲ್ಲ. ನಾನು ಧಾರವಾಡದಿಂದ ಹುಬ್ಬಳ್ಳಿಯ ಕಚೇರಿಗೆ ದಿನಾಲೂ ಹೋಗಿಬರುವವಳು. ವಾರ್ಷಿಕ ತಪಾಸಣೆಯಲ್ಲಿ, ರಕ್ತದಲ್ಲಿನ ಸಕ್ಕರೆಯ ಸರಾಸರಿ ಮಟ್ಟವನ್ನು ತೋರಿಸುವ ನನ್ನ ಎಚ್‌ಬಿಎ1ಸಿ 6.1 ಎಂದು ಬಂದಾಗ, 5.7ರಿಂದ 6.4ರವರೆಗಿನ ಮಟ್ಟವನ್ನು ಮಧುಮೇಹದ ಹಿಂದಿನ ಹಂತವೆಂದು ಪರಿಗಣಿಸುತ್ತಾರೆಂದೂ, ಸದ್ಯಕ್ಕೆ ಗುಳಿಗೆ ಬೇಡ, ಊಟ-ತಿಂಡಿ ತಿದ್ದಿಕೊಂಡು ನಡಿಗೆ ಸುರು ಮಾಡಬೇಕೆಂದೂ ವೈದ್ಯರು ಹೇಳಿದರು. ಊಟ-ತಿಂಡಿ ತಿದ್ದಿಕೊಳ್ಳುವುದೆಂದರೆ ಅಡುಗೆಮನೆಯಲ್ಲಿ ನಿಜವಾಗಿ ಏನು ಮಾಡಬೇಕು ಎಂಬುದನ್ನು ಮಾತ್ರ ನಾನೇ ಕಂಡುಕೊಳ್ಳಬೇಕಾಯಿತು.

ಮೊದಲಿಗೆ ತಿಂಗಳ ಕಿರಾಣಿ ಚೀಟಿಯನ್ನು ತೆಗೆದು ನೋಡಿದೆ. ನಮ್ಮ ಮನೆಗೆ ತಿಂಗಳಿಗೆ 5 ಕಿಲೋ ಸಕ್ಕರೆ ಬರುತ್ತಿತ್ತು. ಅತ್ತೆಯವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವುದರಿಂದ ಅವರ ಪಾಲು ಇದರಲ್ಲಿ ಇರಲಿಲ್ಲ. ಬಂದುಹೋಗುವವರ ಚಹಾಕ್ಕೆಂದು 1 ಕಿಲೋ ಬದಿಗಿಟ್ಟರೂ, ನಾನು, ಯಜಮಾನರು ಮತ್ತು ಕಾಲೇಜಿಗೆ ಹೋಗುವ ಮಗ, ಹೀಗೆ ಮೂವರು ದಿನಕ್ಕೆ ತಲೆಗೆ ಸುಮಾರು 44 ಗ್ರಾಂ ಸಕ್ಕರೆಯನ್ನು ಮನೆಯಲ್ಲಿಯೇ ತಿನ್ನುತ್ತಿದ್ದೆವು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ದಿನದ ಒಟ್ಟು ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇಕಡಾ 10ನ್ನು ಮೀರಬಾರದು. ಶೇಕಡಾ 5ಕ್ಕಿಂತ ಕೆಳಗಿಳಿದರೆ ಇನ್ನೂ ಲೇಸು. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿಯಂತೆ, ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಮೊದಲನೆಯ ಮಿತಿ 50 ಗ್ರಾಂ ಆದರೆ ಎರಡನೆಯದು 25 ಗ್ರಾಂ ಆಗುತ್ತದೆ. ಕಚೇರಿಯ ಚಹಾ, ಬಿಸ್ಕತ್ತು, ಸಾರಿಗೆ ಹಾಕುವ ಬೆಲ್ಲ ಇವನ್ನೆಲ್ಲ ಕೂಡಿಸಿದರೆ ನಾವು ಮೊದಲನೆಯ ಮಿತಿಯನ್ನೇ ದಾಟಿದ್ದೆವು. ಇಲ್ಲಿ ಲೆಕ್ಕಕ್ಕೆ ಬರುವುದು ನಾವು ಮೇಲಿನಿಂದ ಬೆರೆಸುವ ಸಕ್ಕರೆ-ಬೆಲ್ಲ, ಜೇನುತುಪ್ಪ ಮತ್ತು ಹಣ್ಣಿನ ರಸದ ಸಕ್ಕರೆ. ಇಡೀ ಹಣ್ಣಿನೊಳಗಿನದು ಮತ್ತು ಹಾಲಿನಲ್ಲಿ ಸಹಜವಾಗಿರುವುದು ಈ ಲೆಕ್ಕದಲ್ಲಿ ಸೇರುವುದಿಲ್ಲ. ಈ ವ್ಯತ್ಯಾಸ ತಿಳಿದದ್ದರಿಂದ ಪೇರಲ, ಬಾಳೆಹಣ್ಣುಗಳನ್ನು ಅನುಮಾನದಿಂದ ನೋಡುವ ಕೆಲಸ ತಪ್ಪಿತು.

ನಮ್ಮ ಕಡೆ ಚಹಾದ ಪಾತ್ರೆಗೆ ನೀರು, ಹಾಲು, ಪುಡಿಯ ಜೊತೆಗೆ ಸಕ್ಕರೆಯನ್ನೂ ಹಾಕಿಯೇ ಕುದಿಸುವುದು ರೂಢಿ. ಹೀಗೆ ಮಾಡಿದಾಗ ಯಾರ ಹೊಟ್ಟೆಗೆ ಎಷ್ಟು ಸಕ್ಕರೆ ಹೋಯಿತೆಂಬುದು ಕುಡಿದವರಿಗೂ ತಿಳಿಯುವುದಿಲ್ಲ, ಮಾಡಿದವರಿಗೂ ತಿಳಿಯುವುದಿಲ್ಲ. ಸಕ್ಕರೆ ಡಬ್ಬಿಯಲ್ಲಿ ಸದಾ ಇರುವ ಚಮಚವನ್ನು ಅಡುಗೆಮನೆಯ ಸಣ್ಣ ತಕ್ಕಡಿಯ ಮೇಲೆ ಇಟ್ಟು ತೂಗಿದೆ. ಬೆರಳಿನಿಂದ ಮೇಲ್ಭಾಗ ಸವರಿ ಸಮ ಮಾಡಿದರೆ 5 ಗ್ರಾಂ ಹಿಡಿಯುತ್ತಿದ್ದ ಆ ಚಮಚ, ನಾವು ದಿನಾಲೂ ಹಾಕುವಂತೆ ಗೋಪುರವಾಗಿ ತುಂಬಿದಾಗ 8 ಗ್ರಾಂ ಹಿಡಿಯಿತು. ಒಂದೂವರೆ ಚಮಚ ಎಂದು ಬಾಯಲ್ಲಿ ಹೇಳುತ್ತಿದ್ದುದು ನಿಜವಾಗಿ 12 ಗ್ರಾಂ ಆಗಿತ್ತು. ಮನೆಯಲ್ಲಿ ಎರಡು, ಕಚೇರಿಯಲ್ಲಿ ಮೂರು ಕಪ್ಪು ಕುಡಿಯುವವಳಿಗೆ ಚಹಾದಿಂದಲೇ ಎಷ್ಟಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ನಾನು ಮಾಡಿದ ಮೊದಲ ಬದಲಾವಣೆಯೆಂದರೆ ಸಕ್ಕರೆಯನ್ನು ಕುದಿಯುವ ಪಾತ್ರೆಯಿಂದ ಹೊರಗಿಟ್ಟದ್ದು. ಮೊದಲಿನಿಂದಲೂ ಅತ್ತೆಯವರಿಗಾಗಿ ಸಣ್ಣ ಪಾತ್ರೆಯಲ್ಲಿ ಬೇರೆಯಾಗಿ ಸಪ್ಪನೆಯ ಚಹಾ ಕುದಿಯುತ್ತಿತ್ತು. ಈಗ ಎರಡು ಪಾತ್ರೆಗಳ ಬದಲು ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಅದೇ ಚಹಾ ಮಾಡಿ, ಬೇಕಾದವರು ಕಪ್ಪಿಗೆ ಸಕ್ಕರೆ ಹಾಕಿಕೊಂಡು ಕಲಕಿಕೊಳ್ಳಲಿ ಎಂದು ಡಬ್ಬಿಯನ್ನು ಮುಂದೆ ಇಟ್ಟೆ. ಡಬ್ಬಿಯೊಳಗಿನ ಚಮಚವನ್ನೂ ಬದಲಿಸಿ ಅದಕ್ಕಿಂತ ಚಿಕ್ಕದನ್ನು ಇಟ್ಟೆ. ಇಷ್ಟು ವರ್ಷ ತಮ್ಮದೊಂದೇ ಬೇರೆ ಚಹಾ ಎಂದು ಒಂದು ಬದಿಗೆ ಕುಳಿತು ಕುಡಿಯುತ್ತಿದ್ದ ಅತ್ತೆಯವರಿಗೆ ಇದರಿಂದ ಆದ ಸಮಾಧಾನವನ್ನು ನಾನು ಕಣ್ಣಾರೆ ಕಂಡೆ. ಮನೆಯಲ್ಲಿ ಒಬ್ಬರಿಗೆ ಕಾಯಿಲೆಯೆಂದು ಅವರ ಊಟ-ತಿಂಡಿಯನ್ನು ಬೇರ್ಪಡಿಸುವುದಕ್ಕಿಂತ ಎಲ್ಲರ ಅಡುಗೆಯನ್ನೂ ಅವರ ಕಡೆಗೆ ಸ್ವಲ್ಪ ತರುವುದು ಮೇಲು ಎಂದು ನನಗೆ ಆಗ ಗಟ್ಟಿಯಾಗಿ ಅನಿಸಿತು.

ಸಕ್ಕರೆ ಕಡಿಮೆಯಾದ ಕೂಡಲೇ ಚಹಾದ ಕಹಿ ಮತ್ತು ಒಗರು ನಾಲಗೆಗೆ ಹೊಡೆಯತೊಡಗಿದವು. ಇದಕ್ಕೆ ಕಾರಣ ನಾವು ಬಳಸುತ್ತಿದ್ದ ಸಣ್ಣ ಪುಡಿ ಮತ್ತು ಅದನ್ನು ಬಹಳ ಹೊತ್ತು ಕುದಿಸುವ ಪದ್ಧತಿ. ಹೆಚ್ಚು ಹೊತ್ತು ಕುದಿದಷ್ಟೂ ಎಲೆಯೊಳಗಿನ ಟ್ಯಾನಿನ್ ನೀರಿಗೆ ಇಳಿಯುತ್ತದೆ. ಆ ಒಗರನ್ನು ಮುಚ್ಚಲು ಮತ್ತೆ ಸಕ್ಕರೆ ಬೇಕಾಗುತ್ತದೆ. ಅದಕ್ಕಾಗಿ ಕ್ರಮವನ್ನೇ ಬದಲಿಸಿದೆ. ನೀರಿಗೆ ಜಜ್ಜಿದ ಹಸಿಶುಂಠಿ ಮತ್ತು ಯಾಲಕ್ಕಿ ಹಾಕಿ ಮೊದಲು ಚೆನ್ನಾಗಿ ಕುದಿಸಿ, ಹಾಲು ಬೆರೆಸಿ, ಮತ್ತೊಂದು ಕುದಿ ಬಂದ ಮೇಲೆ ಕೊನೆಗೆ ಪುಡಿ ಹಾಕಿ, ಒಲೆ ಆರಿಸಿ, ತಟ್ಟೆ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಸೋಸುತ್ತೇನೆ. ಹಾಲಿನಲ್ಲಿಯೇ 100 ಮಿಲಿಗೆ 4ರಿಂದ 5 ಗ್ರಾಂನಷ್ಟು ಲ್ಯಾಕ್ಟೋಸ್ ಎಂಬ ಸಹಜ ಸಕ್ಕರೆ ಇರುವುದರಿಂದ ಒಗರು ಕಡಿಮೆಯಾದ ಚಹಾದಲ್ಲಿ ಆ ನವಿರಾದ ಸವಿ ತಾನಾಗಿಯೇ ಗೊತ್ತಾಗುತ್ತದೆ. ಸಕ್ಕರೆಯನ್ನು ನಾನು ಒಮ್ಮೆಲೇ ಬಿಡಲಿಲ್ಲ. ಒಂದೂವರೆ ಚಮಚದಿಂದ ಒಂದಕ್ಕೆ, ಆ ರುಚಿ ರೂಢಿಯಾದ ಮೇಲೆ ಅರ್ಧಕ್ಕೆ, ಹೀಗೆ ನಾಲಗೆ ಒಪ್ಪಿದ ಮೇಲೆಯೇ ಮುಂದಿನ ಮೆಟ್ಟಿಲು ಇಳಿದೆ. ಕೆಲವು ವಾರಗಳಲ್ಲಿ ನಾಲಗೆ ಹೊಸ ಅಳತೆಗೆ ಹೊಂದಿಕೊಂಡಿತು. ಈಗ ಬೇರೆಯವರ ಮನೆಯಲ್ಲಿ ಕುಡಿಯುವ ಚಹಾ ಪಾನಕದ ಹಾಗೆ ಅನಿಸುತ್ತದೆ.

ಹೊರಗಿನ ಚಹಾ ಇದಕ್ಕಿಂತ ಕಷ್ಟದ್ದು. ಅಂಗಡಿಯ ಕೆಟಲಿಗೆ ಸಕ್ಕರೆ ಮೊದಲೇ ಬಿದ್ದಿರುತ್ತದೆ, ಅದನ್ನು ಹೊರಗೆ ತೆಗೆಯಲು ಬರುವುದಿಲ್ಲ. ಕಚೇರಿಯಲ್ಲಿ ಮೂರರ ಬದಲು ಒಂದೇ ಸಲ ಕುಡಿಯುವುದೆಂದು ನಿಶ್ಚಯಿಸಿ, ಉಳಿದ ಹೊತ್ತಿಗೆ ಮನೆಯಿಂದ ಜೀರಿಗೆ ಪುಡಿ, ಉಪ್ಪು ಹಾಕಿದ ಮಜ್ಜಿಗೆಯನ್ನು ಬಾಟಲಿಯಲ್ಲಿ ಒಯ್ಯತೊಡಗಿದೆ. ಬೀಗರ, ನೆಂಟರ ಮನೆಗೆ ಹೋದಾಗ ಸಕ್ಕರೆ ಬೇಡ ಎಂದರೆ ಮೊದಲು ಬರುವ ಪ್ರಶ್ನೆ "ಶುಗರ್ ಐತೇನ್ರಿ ನಿಮಗ?" ಎಂಬುದು. "ಇನ್ನೂ ಇಲ್ರಿ, ಬರಬಾರ್ದಂತನ ಕಡಿಮಿ ಮಾಡೇನ್ರಿ" ಎಂದು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಹಾಗೆ ಹೇಳಿದಾಗ ಎಷ್ಟೋ ಮನೆಗಳಲ್ಲಿ ಆ ಮನೆಯಾಕೆಯೂ ತನ್ನ ವರದಿಯ ಮಾತನ್ನು ತೆಗೆದಿದ್ದಾರೆ. ನಮ್ಮ ಮನೆಗೆ ಬಂದವರಿಗೆ ಈಗ "ಸಕ್ರಿ ಎಷ್ಟು ಹಾಕ್ಲಿರಿ?" ಎಂದು ಕೇಳಿಯೇ ಹಾಕುತ್ತೇನೆ, ಕೇಳಿದರೆ ಬಹುಪಾಲು ಜನ ಕಡಿಮೆಯನ್ನೇ ಹೇಳುತ್ತಾರೆ.

ತಿಂಡಿಯ ವಿಷಯಕ್ಕೆ ಬಂದರೆ, ಉಪ್ಪಿಟ್ಟಿಗೆ, ಅವಲಕ್ಕಿಗೆ, ಚುರುಮುರಿ ಸೂಸಲಕ್ಕೆ ಚಿಟಿಕೆ ಸಕ್ಕರೆ ಉದುರಿಸುವ ರೂಢಿ ನಮ್ಮಲ್ಲಿತ್ತು. ಅದನ್ನು ನಿಲ್ಲಿಸಿದ್ದು ಯಾರ ಗಮನಕ್ಕೂ ಬರಲಿಲ್ಲ. ಲಿಂಬೆರಸ, ಹಸಿಕೊಬ್ಬರಿ, ಕೊತ್ತಂಬರಿ ಹೆಚ್ಚಾದರೆ ಸಕ್ಕರೆಯ ನೆನಪೇ ಆಗುವುದಿಲ್ಲ. ಸಾರಿಗೂ ಗಿರ್ಮಿಟ್‌ನ ಒಗ್ಗರಣೆಗೂ ಬೆಲ್ಲ ಬೇಕಾಗುವುದು ಹುಣಸೆಹುಳಿಯನ್ನು ಸರಿದೂಗಿಸಲು. ಆದ್ದರಿಂದ ಮೊದಲು ಹುಳಿಯನ್ನು ಕಡಿಮೆ ಮಾಡಿ, ಅದಕ್ಕೆ ತಕ್ಕಂತೆ ಬೆಲ್ಲವನ್ನು ಇಳಿಸಿದೆ. ಬೆಳಗಿನ ತಿಂಡಿಯಲ್ಲಿ ಮೊಳಕೆಯ ಹೆಸರುಕಾಳು, ಶೇಂಗಾ ಚಟ್ನಿ, ಮೊಸರು ಸೇರಿದಂದು ಹನ್ನೊಂದು ಗಂಟೆಗೆ ಸಿಹಿಗಾಗಿ ಬಾಯಿ ಬಿಡುವುದು ತಾನಾಗಿ ಕಡಿಮೆಯಾಗುತ್ತದೆ ಎಂಬುದನ್ನೂ ಕಂಡುಕೊಂಡೆ.

ಬೆಲ್ಲದ ವಿಷಯದಲ್ಲಿ ನನ್ನ ತವರಿನವರೊಡನೆ ಬಹಳ ಚರ್ಚೆಯಾಯಿತು. ಗದಗ ಜಿಲ್ಲೆಯ ನನ್ನ ತವರಿನಲ್ಲಿ ಬೆಲ್ಲಕ್ಕೆ ದೋಷವೇ ಇಲ್ಲವೆಂಬ ನಂಬಿಕೆ ಇದೆ. "ಸಕ್ರಿ ಬಿಡವಾ, ಬೆಲ್ಲಾ ತಿನ್ನು, ಏನೂ ಆಗಂಗಿಲ್ಲ" ಎಂದು ಅವ್ವ ಇವತ್ತಿಗೂ ಹೇಳುತ್ತಾಳೆ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ ಮತ್ತು ಇತರ ಖನಿಜಗಳು ಇರುವುದು ನಿಜ, ಅದರ ರುಚಿಗೆ ಸಾಟಿಯಿಲ್ಲವೆಂಬುದೂ ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ, ಕ್ಯಾಲೊರಿಯೂ ಹೆಚ್ಚುಕಡಿಮೆ ಅಷ್ಟೇ, ರಕ್ತದಲ್ಲಿ ಗ್ಲೂಕೋಸ್ ಏರಿಸುವುದರಲ್ಲಿಯೂ ಅದು ಹಿಂದೆ ಬೀಳುವುದಿಲ್ಲ. ಚಹಾಕ್ಕೆ ಸಕ್ಕರೆಯ ಬದಲು ಬೆಲ್ಲ ಹಾಕಿಕೊಂಡು ಆರೋಗ್ಯ ಕಾಪಾಡಿಕೊಂಡೆವೆಂದು ತಿಳಿಯುವುದನ್ನು ನಾನು ಒಪ್ಪುವುದಿಲ್ಲ. ನನ್ನ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯ ಡಬ್ಬಿಯೊಳಗೇ ಸೇರುತ್ತದೆ. ಬೇಸಿಗೆಯಲ್ಲಿ ರಸ್ತೆಬದಿಯಲ್ಲಿ ಸಿಗುವ ಕಬ್ಬಿನ ರಸವೂ ಅಷ್ಟೇ. ರಸದ ನೂರು ಪಾಲಿನಲ್ಲಿ ಸುಮಾರು 13ರಿಂದ 15 ಪಾಲು ಸಕ್ಕರೆ ಇರುವುದರಿಂದ ಒಂದು ದೊಡ್ಡ ಗ್ಲಾಸು ಕುಡಿದರೆ ದಿನದ 25 ಗ್ರಾಂ ಅಲ್ಲಿಗೇ ಮುಗಿಯುತ್ತದೆ.

ಅಂಗಡಿಯ ಪೊಟ್ಟಣಗಳ ಹಿಂಬದಿಯನ್ನು ಓದುವುದನ್ನು ಮಗನಿಗೆ ಕಲಿಸಿದೆ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ಸಕ್ಕರೆ ಎರಡನೆಯ ಅಥವಾ ಮೂರನೆಯ ಹೆಸರಾಗಿದ್ದರೆ ಅಲ್ಲಿಗೇ ತಿಳಿದುಕೊಳ್ಳಬೇಕು. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಎಂಬ ಹೆಸರುಗಳೂ ಸಕ್ಕರೆಯ ಬಳಗವೇ. ಚಹಾದ ಜೊತೆ ಅದ್ದಿ ತಿನ್ನುವ ಗ್ಲೂಕೋಸ್ ಬಿಸ್ಕತ್ತಿನಲ್ಲಿ ತೂಕದ ಸುಮಾರು ಕಾಲುಭಾಗ ಸಕ್ಕರೆಯೆಂದು ನೋಡಿದ ದಿನ ಮಗ ತಾನಾಗಿಯೇ ಪೊಟ್ಟಣವನ್ನು ಅತ್ತ ಸರಿಸಿದ. ಮಕ್ಕಳ ಬೆಳವಣಿಗೆಗೆಂದು ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳನ್ನು ನಾವು ವರ್ಷಗಟ್ಟಲೆ ತಂದಿದ್ದೇವೆ. ಇಂಥ ಪೇಯಗಳನ್ನು ಆರೋಗ್ಯ ಪೇಯಗಳ ವರ್ಗದಲ್ಲಿ ತೋರಿಸಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತ್ತು. ಅವುಗಳ ಜಾಗದಲ್ಲಿ ಈಗ ಹುರಿದ ಶೇಂಗಾ, ಪುಟಾಣಿ, ಋತುವಿಗೆ ತಕ್ಕ ಹಣ್ಣು ಇರುತ್ತವೆ.

ಸಕ್ಕರೆಯ ಬದಲಿಗೆ ಬರುವ ಸಿಹಿ ಗುಳಿಗೆಗಳನ್ನು ನಾನು ಬಳಸಲಿಲ್ಲ. ತೂಕ ಇಳಿಸಲೆಂದು ಇವನ್ನು ಬಳಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ನನ್ನ ಉದ್ದೇಶ ನಾಲಗೆಯನ್ನು ಕಡಿಮೆ ಸಿಹಿಗೆ ಒಗ್ಗಿಸುವುದಾಗಿದ್ದುದರಿಂದ ಸಿಹಿಯನ್ನು ಅಷ್ಟೇ ಉಳಿಸಿಕೊಂಡು ಪದಾರ್ಥವನ್ನು ಮಾತ್ರ ಬದಲಿಸುವುದು ನನಗೆ ಸರಿ ಕಾಣಲಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಮಧುಮೇಹಕ್ಕೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟದ ಪದ್ಧತಿಯನ್ನು ಒಮ್ಮೆಲೇ ಬದಲಿಸಬಾರದು. ಅತ್ತೆಯವರಿಗೆ ಕೆಲವೊಮ್ಮೆ ಊಟ ತಡವಾದಾಗ ರಕ್ತದಲ್ಲಿನ ಸಕ್ಕರೆ ತೀರ ಇಳಿದು, ಕೈ ನಡುಗಿ, ಬೆವರು ಬಂದು, ಕಣ್ಣು ಕತ್ತಲೆಗಟ್ಟುವುದುಂಟು. ಆಗ 15 ಗ್ರಾಂ, ಅಂದರೆ ಸಮನಾದ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಗ್ಲುಕೋಮೀಟರಿನಲ್ಲಿ ಮತ್ತೆ ನೋಡಬೇಕೆಂದು ವೈದ್ಯರು ಕಲಿಸಿದ್ದಾರೆ. ಮನೆಯಲ್ಲಿ ಸಕ್ಕರೆ ಎಷ್ಟೇ ಕಡಿಮೆಯಾದರೂ ಅವರ ಹಾಸಿಗೆಯ ಪಕ್ಕದ ಸಣ್ಣ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳುತ್ತೇನೆ.

ಕೆಂಪು ರಕ್ತಕಣಗಳ ಆಯುಷ್ಯ ಸುಮಾರು 120 ದಿನ ಆಗಿರುವುದರಿಂದ ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. ಅಷ್ಟು ಕಾಲ ಕಳೆಯುವ ಮೊದಲು ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ಮುಂದಿನ ಪರೀಕ್ಷೆಯಲ್ಲಿ ನನ್ನದು 5.6ಕ್ಕೆ ಇಳಿದಿತ್ತು. ಇದರಲ್ಲಿ ದಿನದ ನಡಿಗೆಯ ಪಾಲೂ ಇದೆ, ರಾತ್ರಿಯ ಅನ್ನವನ್ನು ಕಡಿಮೆ ಮಾಡಿ ಜೋಳದ ರೊಟ್ಟಿ, ಪಲ್ಯ ಹೆಚ್ಚಿಸಿಕೊಂಡದ್ದರ ಪಾಲೂ ಇದೆ. ಎಲ್ಲವೂ ಸಕ್ಕರೆಯೊಂದರಿಂದಲೇ ಆಯಿತೆಂದು ನಾನು ಹೇಳಲಾರೆ. ಮನೆಯ ಸಕ್ಕರೆ ಮಾತ್ರ ತಿಂಗಳಿಗೆ 2 ಕಿಲೋಗೆ ಬಂದು ನಿಂತಿದೆ.

ಹಬ್ಬದ ಸಿಹಿಯನ್ನು ನಾನು ಬಿಡಿಸಲಿಲ್ಲ, ಬಿಡಿಸುವುದು ಸರಿಯೆಂದೂ ಅನಿಸಲಿಲ್ಲ. ಲೈನ್ ಬಜಾರದ ಪೇಡೆಯನ್ನು ತಂದ ದಿನ ಊಟದ ನಂತರ ಒಂದನ್ನು ನೆಮ್ಮದಿಯಾಗಿ ಕುಳಿತು ತಿನ್ನುತ್ತೇವೆ. ಹೋಳಿಗೆಗೆ ಮೊದಲು ಒಂದು ಅಳತೆ ಕಡಲೆಬೇಳೆಗೆ ಒಂದು ಅಳತೆ ಬೆಲ್ಲ ಹಾಕುತ್ತಿದ್ದೆವು, ಈಗ ಮುಕ್ಕಾಲು ಹಾಕುತ್ತೇವೆ. ಬೆಲ್ಲ ಕಡಿಮೆಯಾದಾಗ ಹೂರಣ ಬೇಗನೆ ಒಣಗಿ ಬಿರಿಯುವುದರಿಂದ ಬೇಳೆಯನ್ನು ಇನ್ನಷ್ಟು ಮೆತ್ತಗೆ ಬೇಯಿಸಬೇಕು, ಬೆಲ್ಲ ಹಾಕಿದ ಮೇಲೆ ಒಲೆಯ ಮೇಲಿಂದ ತುಸು ಮೊದಲೇ ಇಳಿಸಬೇಕು. ಜಾಜಿಕಾಯಿ, ಯಾಲಕ್ಕಿ ಸ್ವಲ್ಪ ಮುಂದಾದರೆ ಕೊರತೆ ಗೊತ್ತಾಗುವುದಿಲ್ಲ. ಪಂಚಮಿಯ ಉಂಡಿಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಶೇಂಗಾ ಉಂಡಿಯನ್ನೂ ಎಳ್ಳುಂಡಿಯನ್ನೂ ಹಿಡಿದಿಡುವುದೇ ಬೆಲ್ಲದ ಪಾಕ. ಅದು ಕಡಿಮೆಯಾದರೆ ಉಂಡಿ ಕೈಯಲ್ಲಿಯೇ ಪುಡಿಯಾಗುತ್ತದೆ. ಅಲ್ಲಿ ಪಾಕವನ್ನು ಮೊದಲಿನಂತೆಯೇ ಇಟ್ಟು, ಉಂಡಿಯನ್ನು ಮೊದಲಿನ ಅರ್ಧದಷ್ಟು ಗಾತ್ರಕ್ಕೆ ಕಟ್ಟುತ್ತೇವೆ. ತವರಿನಿಂದ ಬರುವ ಡಬ್ಬಿಯನ್ನು ಬಂದ ದಿನವೇ ಅಕ್ಕಪಕ್ಕದವರಿಗೆ ಹಂಚಿ, ಮನೆಗೆ ಬೇಕಾದಷ್ಟನ್ನೇ ಉಳಿಸಿಕೊಳ್ಳುತ್ತೇನೆ.